ಮೂಡದ ವೃತ್ತ

"ಓದಿ ಹೇಳಿ ಡಾಕ್ಟ್ರೇ. ನಂಗಂತೂ ಎರಡೂ ತಟ್ಟೆ ಒಂದೇ ಥರ ಕಾಣ್ತಿದೆ, ಬೂಷ್ಟು ಹಿಡಿದ ರೊಟ್ಟಿ ಥರ."

ಇನ್ಸ್‌ಪೆಕ್ಟರ್ ಕ್ರಿಸ್ಪೀನ್ ಬರೇರೊ ನನ್ನ ಹೆಗಲ ಪಕ್ಕದಿಂದ ಬಗ್ಗಿ ನೋಡುತ್ತಿದ್ದ. ಕಂಕುಳಲ್ಲಿ ತಣ್ಣೀರಿನ ಥರ್ಮಾಸು, ಕೈಯಲ್ಲಿ ಕೊಂಬಿನ ಲೋಟ. ತೆರೆರೆ ಎಂಬ ತಣ್ಣನೆಯ ಎಲೆಕಷಾಯ ಇಲ್ಲದೆ ಅವನು ಹೆಣ ನೋಡಲಿಕ್ಕೂ ಹೋಗುವುದಿಲ್ಲ ಎಂದು ನಮ್ಮ ಊರು ಪುಯೆರ್ತೊ ಲಪಾಚೊದಲ್ಲಿ ಎಲ್ಲರೂ ಹೇಳುತ್ತಾರೆ.

"ಅದನ್ನ ಹೊರಗಿಟ್ಟು ಬನ್ನಿ. ಇಲ್ಲಿ ಬಾಯಿಗೇನೂ ಹಾಕೋ ಹಾಗಿಲ್ಲ."

"ಒಂದೇ ಒಂದು ಗುಟುಕು..."

"ಹೊರಗೆ."

ಇಟ್ಟು ಬಂದ. ಬೆಳಿಗ್ಗೆ ಏಳೂಕಾಲು. ಫೆಬ್ರವರಿಯ ಸೆಕೆ ಆಗಲೇ ಕಿಟಕಿಯ ಗಾಜಿಗೆ ಒತ್ತಿಕೊಂಡಿತ್ತು. ನಾನು ಎರಡೂ ತಟ್ಟೆಗಳನ್ನು ದೀಪದ ಕೆಳಗಿಟ್ಟು ಅಳತೆಪಟ್ಟಿ ತೆಗೆದೆ.

ಐದು ವಾರಗಳಲ್ಲಿ ಶಸ್ತ್ರಚಿಕಿತ್ಸೆ ವಾರ್ಡಿನಲ್ಲಿ ಮೂವರು ಸತ್ತಿದ್ದರು. ಮೂವರ ರಕ್ತದಲ್ಲೂ ಬೆಳೆದದ್ದು ಕ್ಲೆಬ್ಸಿಯೆಲ್ಲಾ ಎಂಬ ಒಂದೇ ಬ್ಯಾಕ್ಟೀರಿಯಾ. ಮೂವರ ವರದಿಯಲ್ಲೂ 'ಮೆರೊಪೆನೆಮ್ ಎಂಬ ಔಷಧ ಮಾತ್ರ ಕೆಲಸ ಮಾಡುತ್ತದೆ' ಎಂದು ಬರೆದು ಸಹಿ ಹಾಕಿದವಳು ನಾನು, ನಿದಿಯಾ ಓವೆಲಾರ್. ಮೂರನೆಯವಳು ನನ್ನ ಅಕ್ಕ ಎರ್ಮಿನಿಯಾ.

ಮೊದಲು ಸತ್ತವರ ಮಗಳು ದೂರು ಕೊಟ್ಟಿದ್ದಳು, ಲ್ಯಾಬಿನವರ ವರದಿಯೇ ತಪ್ಪು ಎಂದು. ಬರೇರೊ ಇಲ್ಲಿಗೆ ಬಂದದ್ದು ನನಗೆ ನೆರವಾಗಲಿಕ್ಕಲ್ಲ, ನನ್ನನ್ನು ನೋಡಿಕೊಂಡು ಹೋಗಲಿಕ್ಕೆ. ಅದನ್ನು ಅವನು ಮುಚ್ಚಿಡಲೂ ಇಲ್ಲ.

ಅಕ್ಕ ಸತ್ತು ಹನ್ನೊಂದು ದಿನ. ಮಣ್ಣು ಮಾಡಿದ ಮಾರನೆಯ ದಿನವೇ ಕೆಲಸಕ್ಕೆ ಬಂದಿದ್ದೆ. ಒಂಬತ್ತು ದಿನದ ಪ್ರಾರ್ಥನೆಯಲ್ಲಿ ಎಲ್ಲರ ಜೊತೆ ಮಣಿ ಎಣಿಸಿದ್ದೆ. ಬಂದವರಿಗೆಲ್ಲ ಚಿಪಾ ರೊಟ್ಟಿ ಹಂಚಿದ್ದೆ. ಅಳು ಬಂದಿರಲಿಲ್ಲ. ಒಳಗೆ ಎಲ್ಲೋ ಮರಗಟ್ಟಿತ್ತು, ಹಲ್ಲು ಕೀಳಿಸಿದ ಮೇಲೆ ತುಟಿ ಇರುತ್ತದಲ್ಲ, ಹಾಗೆ. ನನ್ನ ಗಂಡ ಅನಿಬಾಲ್ ಆಸ್ಪತ್ರೆಯ ಗಾಡಿಯ ಡ್ರೈವರು. ಮನೆಯಲ್ಲಿ ಅಡುಗೆ ಮಾಡಿದವನು ಅವನು, ಅಕ್ಕನ ಬಟ್ಟೆಗಳನ್ನು ಒಗೆದು ಮಡಿಸಿಟ್ಟವನು ಅವನು. ದಿನವೂ ಬೆಳಿಗ್ಗೆ ನನ್ನನ್ನು ಲ್ಯಾಬಿನ ಬಾಗಿಲಿಗೆ ಬಿಟ್ಟು, ಹಣೆಗೆ ಮುತ್ತು ಕೊಟ್ಟು ಹೋಗುತ್ತಿದ್ದ. ಆ ಮುತ್ತು ನನಗೆ ತಾಗಿದ್ದು ಗೊತ್ತಾಗುತ್ತಿರಲಿಲ್ಲ.

"ಇದು ಅಕ್ಕನ ರಕ್ತದಿಂದ ಬೆಳೆಸಿದ್ದು" ಎಂದೆ. "ತಟ್ಟೆ ತುಂಬ ಬ್ಯಾಕ್ಟೀರಿಯಾನ ಹುಲ್ಲಿನ ಹಾಗೆ ಬಿತ್ತಿದೀನಿ. ಈ ಪುಟ್ಟ ಕಾಗದದ ಬಿಲ್ಲೆಗಳಿವೆಯಲ್ಲ, ಒಂದೊಂದೂ ಔಷಧ ಹೀರಿಕೊಂಡಿದೆ. ಔಷಧ ಕೊಲ್ಲೋದಾದ್ರೆ ಬಿಲ್ಲೆ ಸುತ್ತ ಏನೂ ಬೆಳೆಯಲ್ಲ, ಖಾಲಿ ವೃತ್ತ ಮೂಡುತ್ತೆ."

"ಅಲ್ಲಿ ಎರಡು ವೃತ್ತ ಇದೆ. ಬಿಲ್ಲೆ ಐದಿದೆ."

"ಒಂದನೇದು ಕಾರ್ಖಾನೆಯಿಂದ ಬಂದ ಬಿಲ್ಲೆ. ನಂಬಬಹುದು. ಇಪ್ಪತ್ತೇಳು ಮಿಲಿಮೀಟರು. ಎರಡನೇದು ಮೊನ್ನೆ ಪರೀಕ್ಷೆಗಂತಲೇ ರಾಜಧಾನಿಯಿಂದ ತರಿಸಿದ ಒಂದೇ ಒಂದು ಮೆರೊಪೆನೆಮ್ ಸೀಸೆಯಿಂದ ನಾನೇ ಮಾಡಿದ್ದು. ಇಪ್ಪತ್ತಾರು."

"ಅಂದ್ರೆ ನಿಮ್ಮ ವರದಿ ಸರಿ ಇತ್ತು."

"ಸರಿ ಇತ್ತು."

ಐದು ವಾರದಿಂದ ಈ ಮಾತಿಗಾಗಿ ಕಾಯುತ್ತಿದ್ದೆ. ಬಂದಾಗ ಏನೂ ಅನಿಸಲಿಲ್ಲ.

"ಮೂರು, ನಾಲ್ಕು?"

"ಅಕ್ಕನ ಮಂಚದ ಹತ್ತಿರ ಉಳಿದಿದ್ದ ಎರಡು ಸೀಸೆಗಳು. ವೃತ್ತವೇ ಮೂಡಿಲ್ಲ. ಬಿಲ್ಲೆಯ ಅಂಚಿನವರೆಗೂ ಬೆಳೆದು ನಿಂತಿದೆ, ನೋಡಿ."

ಬರೇರೊ ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಉಪ್ಪು ತುಂಬಿದ್ರಾ ಬೋಳಿಮಕ್ಳು?"

"ಇಲ್ಲ. ಅದೇ ವಿಚಿತ್ರ." ಎರಡನೆಯ ತಟ್ಟೆಯನ್ನು ಮುಂದೆ ತಳ್ಳಿದೆ. "ಇದರಲ್ಲಿರೋದು ಪರೀಕ್ಷೆಗಂತಲೇ ಸಾಕಿಕೊಂಡಿರೋ ಸಾಧು ಬ್ಯಾಕ್ಟೀರಿಯಾ. ಹೆಚ್ಚುಕಮ್ಮಿ ಎಲ್ಲ ಔಷಧಕ್ಕೂ ಸಾಯುತ್ತೆ. ಇಲ್ಲಿ ಅದೇ ಎರಡು ಸೀಸೆಗೂ ಹದಿನೆಂಟು, ಹದಿನೆಂಟು. ಅಂದ್ರೆ ಒಳಗೆ ಯಾವುದೋ ಔಷಧ ಇದೆ. ಮೆರೊಪೆನೆಮ್ ಅಲ್ಲ, ಅಷ್ಟೇ."

"ಐದನೇ ಬಿಲ್ಲೆ?"

"ಆಂಪಿಸಿಲಿನ್. ಯಾಕೋ ಅಭ್ಯಾಸಬಲ, ಇಟ್ಟಿದ್ದೆ. ಇಲ್ಲಿ ಹದಿನೆಂಟು. ಅಕ್ಕನ ತಟ್ಟೇಲಿ ಸೊನ್ನೆ."

ಅವನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಬೆರಳಾಡಿಸಿದ. ತುಟಿ ಅಲುಗುತ್ತಿತ್ತು. "ಮೂರು, ನಾಲ್ಕು, ಐದು. ಮೂರೂ ಒಂದೇ ಥರ ನಡ್ಕೊಂಡಿವೆ."

"ಹೌದು. ಆಂಪಿಸಿಲಿನ್ ಯಾವ ಅಂಗಡೀಲಾದರೂ ಸಿಗೋ ಅಗ್ಗದ ಔಷಧ. ಬಿಳೀ ಪುಡಿ. ಕ್ಲೆಬ್ಸಿಯೆಲ್ಲಾ ಹುಟ್ಟುತ್ತಲೇ ಅದನ್ನ ಲೆಕ್ಕಕ್ಕಿಡಲ್ಲ. ಇದೇ ಅಂತ ನಾನು ಪ್ರಮಾಣ ಮಾಡಿ ಹೇಳೋ ಹಾಗಿಲ್ಲ, ರಾಜಧಾನಿ ಅಸುನ್ಸಿಯೋನಿನ ದೊಡ್ಡ ಲ್ಯಾಬಿಗೆ ಕಳಿಸಬೇಕು. ಆದರೆ ನನ್ನ ಕೇಳಿದ್ರೆ, ಇದೇ."

ಅವನು ಸೀಸೆಗಳನ್ನು ಕೈವಸ್ತ್ರದಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ. ಕಳ್ಳಸಾಗಣೆಯ ಸಿಗರೇಟು ಪೊಟ್ಟಣಗಳನ್ನು ಹದಿನೈದು ವರ್ಷ ನೋಡಿದ ಕಣ್ಣು. ನನಗೆ ಕಾಣದ್ದು ಅವನಿಗೆ ಕಂಡಿತು.

"ಪ್ಲಾಸ್ಟಿಕ್ ಮುಚ್ಚಳದ ಅಂಚಲ್ಲಿ ಗೋಂದು ಇದೆ. ತೆಳ್ಳಗೆ, ಕೂದಲೆಳೆಯಷ್ಟು. ಬಳಸಿ ಬಿಸಾಕಿದ ಸೀಸೆಗೆ ಪುಡಿ ತುಂಬಿ ಮುಚ್ಚಳ ಅಂಟಿಸಿದಾರೆ." ಮತ್ತೆ ಕಣ್ಣು ಕಿರಿದು ಮಾಡಿದ. "ಚೀಟಿ ಮೇಲಿನ ನಂಬರು ನೋಡಿದ್ರಾ? ಒಂದರದ್ದು 4471ರಲ್ಲಿ ಮುಗಿಯುತ್ತೆ. ಇನ್ನೊಂದರದ್ದು 2090."

"ಲಾಟ್ ನಂಬರು ಅದು, ಒಂದೇ ಸಲ ತಯಾರಾದ ಸರಕಿನದ್ದು."

"ಒಂದೇ ಸಲ, ಒಂದೇ ಕಡೆ ಕೊಂಡಿದ್ದಾದ್ರೆ ಒಂದೇ ನಂಬರಿರಬೇಕಲ್ವಾ?"

"ಇರಬೇಕು."

"ಹಾಗಾದ್ರೆ ಯಾರೋ ಖಾಲಿ ಸೀಸೆಗಳನ್ನ ಆರಿಸಿ ಆರಿಸಿ ಕೂಡಿಟ್ಟಿದಾರೆ." ಸೀಸೆ ಕೆಳಗಿಟ್ಟು ನನ್ನ ಮುಖ ನೋಡಿದ. "ಇನ್ನೊಂದು ಮಾತು. ಬೇಜಾರಾಗ್ಬೇಡಿ. ಸಾಮಾನ್ಯ ಕಳ್ಳ ಆಗಿದ್ರೆ ಹಿಟ್ಟು ತುಂಬ್ತಿದ್ದ. ಇದರಲ್ಲಿ ಇನ್ನೊಂದು ಆಂಟಿಬಯಾಟಿಕ್ಕೇ ತುಂಬಿದಾರೆ. ಆಸ್ಪತ್ರೆ ಗಾಳಿ ಸೇವಿಸಿದವರ ತಲೆ ಇದು. ನಿಮ್ಮಂಥವರದ್ದು."

"ನನ್ನಂಥವರದ್ದೇ" ಎಂದೆ.

"ನಿಮ್ಮ ಅಕ್ಕನ ಸೀಸೆ ಯಾರು ತಂದ್ರು?"

"ನಾನು ತರಿಸಿದ್ದೆ."

"ತರಿಸಿದ್ದು ಅಂದ್ರೆ?"

ನಮ್ಮ ಔಷಧಾಲಯದಲ್ಲಿ ಆರು ವಾರದಿಂದ ಮೆರೊಪೆನೆಮ್ ಇರಲಿಲ್ಲ. ರೋಗಿಯ ಕಡೆಯವರೇ ಹೊರಗಿನಿಂದ ತರಬೇಕಿತ್ತು. ನಮ್ಮ ಊರಿನ ಯಾವ ಅಂಗಡಿಯಲ್ಲೂ ಅದು ಸಿಗುತ್ತಿರಲಿಲ್ಲ. ಆಗ ಲ್ಯಾಬಿನಲ್ಲಿ ನನ್ನ ಜೊತೆ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುವ ಸೆಲ್ವಾ ಇರಾಲಾ ನನ್ನ ಕೈ ಹಿಡಿದು, "ನೀನು ಅಲೆಯಬೇಡ ಕಣೇ, ಅಕ್ಕನ ಹತ್ತಿರ ಕೂತಿರು, ನಾನು ಹೊಂದಿಸ್ತೀನಿ" ಎಂದಿದ್ದಳು.

ಅಷ್ಟನ್ನು ಅವನಿಗೆ ಹೇಳಿದೆ.

"ಇದನ್ನ ಈಗ ಹೇಳ್ತಿದೀರಾ?"

"ಈಗ ಕೇಳಿದ್ರಿ."

ಅವನಿಗೆ ಸಿಟ್ಟು ಬಂತು. ಬರಬೇಕಾದದ್ದೇ. "ಎಲ್ಲಿದಾರೆ ಈ ಸೆಲ್ವಾ?"

"ಮೇಲೆ, ವಾರ್ಡಲ್ಲಿ. ಅವಳ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಗಿ ವಾರ ಆಯ್ತು. ಏಳನೇ ಮಂಚ."

ಹೇಳುತ್ತಿದ್ದ ಹಾಗೇ ನೆನಪಾಯಿತು. ನಾಲ್ಕು ದಿನದ ಹಿಂದೆ ಏಳನೇ ಮಂಚದ ರಕ್ತದ ವರದಿಗೂ ನಾನೇ ಸಹಿ ಹಾಕಿದ್ದೆ. ಅದೇ ಕ್ಲೆಬ್ಸಿಯೆಲ್ಲಾ. ಅದೇ ಒಂದು ಔಷಧ.

ನಾನು ಎದ್ದೆ. ತಟ್ಟೆಗಳನ್ನು ಒಳಗಿಟ್ಟೆ. ಕೈ ತೊಳೆದು ಲ್ಯಾಬಿಗೆ ಬೀಗ ಹಾಕಿದೆ. ಬರೇರೊ ಆಗಲೇ ಮೆಟ್ಟಿಲು ಹತ್ತುತ್ತಿದ್ದ.

ವಾರ್ಡಿನ ಬಾಗಿಲಲ್ಲೇ ಞಾ ಬ್ಲಾಸಿದಾ ನಿಂತಿದ್ದಳು. ಹಿರಿಯ ನರ್ಸು, ಊರಿಗೆಲ್ಲ 'ಞಾ', ಅಂದರೆ ಅಮ್ಮ. ಅರವತ್ತೆರಡು ವರ್ಷ, ಮೊಣಕಾಲು ನೋವು, ಈ ಊರಿನ ಅರ್ಧದಷ್ಟು ಜನಕ್ಕೆ ಮೊದಲ ಸೂಜಿ ಚುಚ್ಚಿದ ಕೈ. ನನ್ನನ್ನು ಇವತ್ತಿಗೂ ಮಗಳೇ ಎಂದೇ ಕರೆಯುತ್ತಾಳೆ.

"ಪೊಲೀಸ್ನೋರು ಒಳಗೆ ಬರೋ ಹಾಗಿದ್ರೆ ಕಾಲು ಒರೆಸಿಕೊಳ್ಳಿ" ಎಂದಳು ಬರೇರೊಗೆ.

"ನಾಲ್ಕನೇ ಮಂಚದಿಂದ ಇವರ ಅಕ್ಕನ ಎರಡು ಸೀಸೆ ಎತ್ತಿಟ್ಟಿದ್ದು ನೀವಂತೆ. ಯಾಕೆ?"

"ಬಿಸಾಕೋಕೆ ಮನಸ್ಸಾಗ್ಲಿಲ್ಲ."

"ಯಾಕೆ ಅಂತ ಕೇಳ್ದೆ."

ಞಾ ಬ್ಲಾಸಿದಾ ನನ್ನ ಕಡೆ ನೋಡಿದಳು, ಅವನ ಕಡೆ ಅಲ್ಲ. "ನೊರೆ, ಮಗಳೇ. ನೀರು ಹಾಕಿ ಅಲ್ಲಾಡಿಸಿದರೆ ಬರಬಾರದಷ್ಟು ನೊರೆ ಬರ್ತಿತ್ತು. ಇಳಿಯೋಕೆ ಹೊತ್ತು ಹಿಡಿಯೋದು. ಈ ಔಷಧ ನಾನು ಎಷ್ಟು ಸಲ ಕಲಸಿಲ್ಲ? ಅದು ಹಾಗೆ ಮಾಡಲ್ಲ. ಮೊದಲಿನ ಇಬ್ಬರದ್ದೂ ಹಂಗೇ ಇತ್ತು."

"ಯಾರಿಗಾದ್ರೂ ಹೇಳಿದ್ರಾ?" ಬರೇರೊ ಕೇಳಿದ.

"ಯಾರಿಗೆ ಹೇಳಲಿ? ಆ ಇಬ್ಬರ ಕಡೆಯೋರು ಲ್ಯಾಬಿನವರು ಕೊಡಿಸಿದ್ದು ಅಂದ್ರು. ಮೂರನೇದು ಇವಳ ಸ್ವಂತ ಅಕ್ಕನಿಗೆ ಇವಳ ಮನೆಯಿಂದಲೇ ಬಂದ ಚೀಲ. ಇಷ್ಟು ಓದಿದೋಳು ಅಕ್ಕನಿಗೆ ತರಿಸಿಕೊಟ್ಟಿದ್ದಾಳೆ, ನೊರೆ ಬರ್ತದೆ ಅಂತ ನಾನು ಹೇಳಕ್ಕಾಗ್ತದಾ?" ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಹೇಳಬೇಕಿತ್ತು. ಹೇಳ್ಲಿಲ್ಲ. ಆರು ದಿನ, ದಿನಕ್ಕೆ ಮೂರು ಸಲ, ನನ್ನ ಕೈಯಾರೆ ಹಾಕಿದೆ. ಬೇಕಾದ್ರೆ ನನ್ನೇ ಹಿಡ್ಕೊಂಡು ಹೋಗಿ."

ಅವಳ ಹೆಗಲ ಮೇಲೆ ಕೈ ಇಡಬೇಕು ಎಂದು ನನಗೆ ಗೊತ್ತಿತ್ತು. ಇಟ್ಟೆ. ಕೈ ಅಲ್ಲಿತ್ತು, ನಾನು ಇರಲಿಲ್ಲ.

"ಏಳನೇ ಮಂಚಕ್ಕೆ ಏನು ಹಾಕ್ತಿದೀರಿ ಞಾ ಬ್ಲಾಸಿದಾ?"

"ಅದೇ ಮೆರೊಪೆನೆಮ್ಮು. ಸೆಲ್ವಾ ತಂದಿರೋದು."

"ನೊರೆ?"

ಅವಳು ಸ್ವಲ್ಪ ಯೋಚಿಸಿ ತಲೆ ಅಲ್ಲಾಡಿಸಿದಳು. "ಇಲ್ಲ. ಅದು ನೆಟ್ಟಗೆ ಕರಗ್ತಿದೆ."

ಏಳನೇ ಮಂಚದ ಮೇಲೆ ಡಾನ್ ಪೊಲಿಕಾರ್ಪೊ ಇರಾಲಾ ದಿಂಬಿಗೊರಗಿ ಕುಳಿತು ಸೂಪು ಕುಡಿಯುತ್ತಿದ್ದ. ನಲವತ್ತು ವರ್ಷ ನದಿಯಲ್ಲಿ ದೋಣಿಗಳ ಚುಕ್ಕಾಣಿ ಹಿಡಿದ ಮುದುಕ. ಮೂರು ದಿನದ ಹಿಂದೆ ಜ್ವರದಲ್ಲಿ, ಸತ್ತ ತಮ್ಮನನ್ನು ಕರೆಯುತ್ತಿದ್ದ. ಇವತ್ತು ಸೂಪಿಗೆ ಉಪ್ಪಿಲ್ಲ ಎಂದು ಬೈಯುತ್ತಿದ್ದ.

"ನೋಡು, ಪೊಲೀಸು ಬೇರೆ ಕರೆಸಿದ್ದೀಯಾ ಮಗಳೇ? ಒಂದು ಚಿಟಿಕೆ ಉಪ್ಪು ಕೇಳಿದ್ದಕ್ಕೆ?"

ಸೆಲ್ವಾ ಚಮಚ ಹಿಡಿದು ಪಕ್ಕದಲ್ಲಿ ಕುಳಿತಿದ್ದಳು. ನಮ್ಮಿಬ್ಬರನ್ನೂ ನೋಡಿ ಚಮಚವನ್ನು ಬಟ್ಟಲಿನಲ್ಲಿಟ್ಟಳು.

ನಾನು ಮಂಚದ ಕಾಲ ಬಳಿ ನಿಂತೆ. ಸಾಮಾನ್ಯವಾಗಿ ಒಂದು ಸೀಸೆ ನಿಜವೋ ಸುಳ್ಳೋ ಎಂದು ತಿಳಿಯಲು ನನಗೆ ಹದಿನೆಂಟು ಗಂಟೆ ಬೇಕು. ಇಲ್ಲಿ ಬೇಕಾಗಿರಲಿಲ್ಲ. ಫಲಿತಾಂಶ ನನ್ನೆದುರಿಗೇ ಕುಳಿತು ಉಪ್ಪು ಕೇಳುತ್ತಿತ್ತು.

"ಆಚೆ ಬಾ ಸೆಲ್ವಾ."

ವಾರ್ಡಿನ ಕೊನೆಯಲ್ಲಿ ಬಟ್ಟೆ ಒಣಗಿಸುವ ಜಗಲಿ ಇದೆ. ಅಲ್ಲಿಂದ ಕೆಳಗಿನ ಅಂಗಳ ಕಾಣುತ್ತದೆ. ಬರೇರೊ ಬಾಗಿಲಿಗೆ ಅಡ್ಡ ನಿಂತ.

"ನಿನ್ನ ಅಪ್ಪನ ಸೀಸೆ ನಿಜವಾದ್ದು" ಎಂದೆ. "ನನ್ನ ಅಕ್ಕನದ್ದು ಸುಳ್ಳು. ಎರಡೂ ನಿನ್ನ ಕೈಯಿಂದ ಬಂದವು."

ಸೆಲ್ವಾ ನನ್ನನ್ನೇ ನೋಡಿದಳು. "ಸುಳ್ಳು ಅಂದ್ರೆ?"

"ಆಂಪಿಸಿಲಿನ್ ತುಂಬಿದೆ. ಇವತ್ತು ಬೆಳಿಗ್ಗೆ ಓದಿದೆ."

"ಆಗಲ್ಲ."

"ಓದಿದೆ ಅಂದೆನಲ್ಲ."

"ಆಗಲ್ಲ ನಿದಿಯಾ. ಆಗೋಕೇ ಸಾಧ್ಯ ಇಲ್ಲ." ಅವಳು ತಂತಿಯ ಮೇಲಿದ್ದ ಒದ್ದೆ ಹೊದಿಕೆಯನ್ನು ಹಿಡಿದುಕೊಂಡಳು. "ನಾನು ಪರೀಕ್ಷೆ ಮಾಡಿದ್ದೆ."

ಬರೇರೊ ಮುಂದೆ ಬಂದ. "ಏನು ಪರೀಕ್ಷೆ? ಸರಿಯಾಗಿ ಹೇಳಮ್ಮ. ಈ ಔಷಧ ನಿಂಗೆ ಎಲ್ಲಿಂದ ಬರ್ತಿತ್ತು?"

"ನನ್ನ ಸೋದರತ್ತೆ ಮಗ ಗಡಿಯಾಚೆ ಬ್ರೆಜಿಲ್‌ನಿಂದ ತರ್ತಾನೆ. ಕಾನೂನಿಗೆ ವಿರುದ್ಧ, ಗೊತ್ತು. ಇಲ್ಲಿ ಜನ ಸಾಯ್ತಿದ್ರು ಸಾರ್. ನಾವು ವರದಿ ಬರೀತೀವಿ, ಇದೊಂದೇ ಔಷಧ ಅಂತ. ಆ ಔಷಧ ಇಡೀ ಊರಲ್ಲಿ ಇಲ್ಲ. ಆ ವರದಿ ಹಿಡ್ಕೊಂಡು ಹಳ್ಳಿಯಿಂದ ಬಂದ ಹೆಂಗಸು ನನ್ನೇ ನೋಡ್ತಾ ನಿಂತಿರ್ತಾಳೆ. ಏನು ಮಾಡ್ಲಿ?"

"ಅದನ್ನ ಆಮೇಲೆ ನೋಡೋಣ. ಪರೀಕ್ಷೆ?"

"ಗಡಿಯಿಂದ ಬಂದಿದ್ದನ್ನ ಹಾಗೇ ಹೇಗೆ ಕೊಡೋದು? ಡಬ್ಬಿ ಬಂದ ದಿನವೇ ಒಂದು ಸೀಸೆ ಒಡೆದು ಬಿಲ್ಲೆ ಮಾಡಿ ತಟ್ಟೆಗೆ ಇಡ್ತಿದ್ದೆ. ಇನ್‌ಕ್ಯುಬೇಟರಿನ ಕೆಳಗಿನ ಅರೆಯಲ್ಲಿ, ಇವಳು ನೋಡದ ಹಾಗೆ. ವೃತ್ತ ಸರಿಯಾಗಿ ಮೂಡಿದ್ರೆ ಮಾತ್ರ ಕೊಡ್ತಿದ್ದೆ."

ಫೋನು ತೆಗೆದು ಹುಡುಕಿದಳು. ಎರಡು ಸಲ ಬೇರೇನೋ ತೆರೆಯಿತು. ಕೊನೆಗೆ ಚಿತ್ರ ಸಿಕ್ಕಿತು. ತಟ್ಟೆ, ಅದರಲ್ಲೊಂದು ಅಗಲವಾದ ಸ್ವಚ್ಛ ವೃತ್ತ, ಪಕ್ಕದಲ್ಲಿ ಅಳತೆಪಟ್ಟಿ. ಮೂವತ್ತು ಮಿಲಿಮೀಟರು. ತಟ್ಟೆಯ ಬದಿಗೆ ನಿಲ್ಲಿಸಿದ ಸೀಸೆ. ಮೂಲೆಯಲ್ಲಿ ತಾರೀಖು. ಅಕ್ಕನಿಗೆ ಮೊದಲ ಸೂಜಿ ಹಾಕುವ ಎರಡು ದಿನ ಮುಂಚಿನದು.

ಬರೇರೊ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದ. "ಈ ಸೀಸೆಯ ನಂಬರು 8816."

"ಇಡೀ ಡಬ್ಬಿ ಅದೇ ನಂಬರು. ಐವತ್ತು ಸೀಸೆ. ಎರ್ಮಿನಿಯಾ ಅಕ್ಕಂದು ಅದರಿಂದಲೇ ಎಣಿಸಿ ಕೊಟ್ಟೆ. ಅಪ್ಪಂದೂ ಅದರಿಂದಲೇ."

ಅವನು ಒಳಗೆ ಹೋಗಿ ಏಳನೇ ಮಂಚದ ಪಕ್ಕದ ಕಪಾಟಿನಿಂದ ಒಂದು ಸೀಸೆ ತಂದ. ಕಿಟಕಿಗೆ ಹಿಡಿದು ಓದಿದ. ನನಗೆ ತೋರಿಸಿದ.

8816.

ಅಕ್ಕನ ರಕ್ತದೊಳಗೆ ಹೋಗಬೇಕಿದ್ದದ್ದು ಇದು.

"ನಂಗೆ ಯಾಕೆ ಹೇಳ್ಲಿಲ್ಲ?" ಎಂದೆ.

"ಹೇಳಿದ್ದೆ."

"ಯಾವಾಗ?"

"ಸ್ಮಶಾನದಲ್ಲಿ. ನಿನ್ನ ಪಕ್ಕದಲ್ಲೇ ನಿಂತಿದ್ದೆ. 'ನಿದಿಯಾ, ಔಷಧ ಪರೀಕ್ಷೆ ಮಾಡೇ ಕೊಟ್ಟಿದ್ದೆ ಕಣೇ, ಚೆನ್ನಾಗೇ ಇತ್ತು, ಯಾಕೆ ಹಿಂಗಾಯ್ತೋ ಗೊತ್ತಾಗ್ತಿಲ್ಲ' ಅಂದೆ. ನೀನು ಹೂಂ ಅಂದೆ. ಮತ್ತೆ ಲ್ಯಾಬಲ್ಲಿ ಹೇಳಿದೆ. ಆಗಲೂ ಹೂಂ ಅಂದೆ. ಏನು ಹೇಳಿದ್ರೂ ಹೂಂ ಅಂತಿದ್ದೆ. ಆಮೇಲೆ ಅಪ್ಪ ಮಲಗಿದ." ಅವಳು ಕಣ್ಣೊರೆಸಿಕೊಂಡಳು. "ಬ್ಯಾಕ್ಟೀರಿಯಾನೇ ಗೆದ್ದಿರಬೇಕು ಅಂದ್ಕೊಂಡೆ."

ಸ್ಮಶಾನದಲ್ಲಿ ಬಿಸಿಲಿತ್ತು. ಯಾರೋ ನನಗೆ ಕೊಡೆ ಹಿಡಿದಿದ್ದರು. ಅಷ್ಟೇ ನೆನಪು.

ಬರೇರೊ ಜಗಲಿಯ ಕಟ್ಟೆಯ ಮೇಲೆ ಕುಳಿತ. ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ನನಗೆ ಹಿಡಿಸಲಿಲ್ಲ.

"ನಿನ್ನ ಮಾತು ನಿಜ ಅಂತ ಇಟ್ಕೊಳ್ಳೋಣ. ನಿಜವಾದ ಸೀಸೆ ನಿನ್ನ ಮನೆಯಿಂದ ಹೊರಟಿತು. ಮಂಚದ ಹತ್ತಿರ ಬಂದದ್ದು ಬೇರೆ ಬೇರೆ ನಂಬರಿನ, ಗೋಂದು ಹಚ್ಚಿದ ಸೀಸೆ. ನಡುವೆ ಬದಲಾಗಿದೆ. ನಿಜವಾದ್ದನ್ನ ಇನ್ನೆಲ್ಲೋ ಮತ್ತೆ ಮಾರಿದಾರೆ. ನಿನ್ನ ಮನೆಯಿಂದ ಇಲ್ಲಿಗೆ ಯಾರು ತರ್ತಿದ್ರು?"

ಸೆಲ್ವಾ ಒದ್ದೆ ಹೊದಿಕೆಯನ್ನು ತಂತಿಯ ಮೇಲೆ ನೆಟ್ಟಗೆ ಮಾಡಿದಳು.

"ನೀನೇ ತರ್ತಿದ್ಯಾ?"

"ನಮ್ಮ ಚೀಲ ಗೇಟಲ್ಲಿ ತಪಾಸಣೆ ಮಾಡ್ತಾರೆ ಸಾರ್. ಕೆಲಸದವರು ಒಂದು ಮಾತ್ರೆ ಇಟ್ಕೊಂಡಿದ್ರೂ ನೌಕರಿ ಹೋಗುತ್ತೆ. ಅಪ್ಪಂದು ಮಾತ್ರ ನಾನೇ ತಂದೆ, ಹಾಸಿಗೆ ಬಟ್ಟೆಯೊಳಗೆ ಸುತ್ತಿ. ರೋಗಿ ಕಡೆಯೋರ ಬಟ್ಟೆ ಗಂಟನ್ನ ಬಿಚ್ಚಿ ನೋಡಲ್ಲ."

"ಮಿಕ್ಕ ಮೂರು?"

ಅವಳು ನೆಲ ನೋಡುತ್ತಾ ನಿಂತಳು.

"ಖಾಲಿ ಸೀಸೆಗಳು" ಎಂದ ಬರೇರೊ, ತನಗೆ ತಾನೇ ಎಂಬಂತೆ. "ಬಳಸಿದ ಸೀಸೆ, ಸೂಜಿ, ಎಲ್ಲ ಎಲ್ಲಿಗೆ ಹೋಗ್ತವೆ?"

ಬಾಗಿಲಲ್ಲಿ ನಿಂತಿದ್ದ ಞಾ ಬ್ಲಾಸಿದಾ ಉತ್ತರ ಕೊಟ್ಟಳು. ಅವಳು ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ. "ಕೆಂಪು ಚೀಲದಲ್ಲಿ ಕಟ್ಟಿಡ್ತೀವಿ. ಶುಕ್ರವಾರ ಶುಕ್ರವಾರ ಸುಡೋ ಜಾಗಕ್ಕೆ ಹೋಗ್ತದೆ. ಆಸ್ಪತ್ರೆ ಗಾಡೀಲಿ."

ಆಸ್ಪತ್ರೆಗೆ ಇರುವುದು ಒಂದೇ ಗಾಡಿ. ಗೇಟಿನಲ್ಲಿ ಆ ಗಾಡಿಯನ್ನು ಯಾರೂ ತಡೆಯುವುದಿಲ್ಲ.

ಒಳಗೆ ಡಾನ್ ಪೊಲಿಕಾರ್ಪೊ ಉಪ್ಪು ಉಪ್ಪು ಎಂದು ಕೂಗುತ್ತಿದ್ದ.

"ಹೇಳು ಸೆಲ್ವಾ" ಎಂದೆ. ನನಗೆ ಗೊತ್ತಿತ್ತು. ಆದರೂ ಅವಳ ಬಾಯಿಂದ ಬರಲಿ ಎಂದಿತ್ತು.

"ಬೆಳಿಗ್ಗೆ ನಿನ್ನ ಬಿಟ್ಟು ನಮ್ಮ ಮನೆ ಮುಂದೆ ಹಾದು ಹೋಗ್ತಾನಲ್ಲ. ಅವನೇ ಕೇಳಿದ, ನಾನು ತಗೊಂಡು ಹೋಗ್ತೀನಿ, ನಿನಗ್ಯಾಕೆ ಅಪಾಯ ಅಂತ. ಮೂರು ಚೀಲವೂ ಅನಿಬಾಲೇ ತಗೊಂಡು ಹೋಗಿದ್ದು."

ಔಷಧ ಬಂದ ದಿನ ನಾನು ವಾರ್ಡಿನಲ್ಲಿ ಅಕ್ಕನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕುಳಿತಿದ್ದೆ. ಅನಿಬಾಲ್ ಚೀಲ ಹಿಡಿದು ಬಂದ. ಅಕ್ಕನ ಕಾಲು ಸವರಿದ. "ಇನ್ನೇನು ಭಯ ಇಲ್ಲ ಅತ್ತಿಗೆ, ಔಷಧ ಬಂತು" ಎಂದ. ಅಕ್ಕ ಅವನ ಕೈ ಹಿಡಿದು ಮುತ್ತಿಟ್ಟಳು.

ಚೀಲ ಸೆಲ್ವಾಳ ಮನೆಯಿಂದ ಯಾವತ್ತು ಹೊರಟಿತ್ತು ಎಂದು ನಾನು ಆಗ ವಿಚಾರಿಸಿರಲಿಲ್ಲ.

"ಯಾವತ್ತು ಕೊಟ್ಟೆ?" ಎಂದೆ.

"ಸೋಮವಾರ ಬೆಳಿಗ್ಗೆ."

ಅಕ್ಕನಿಗೆ ಮೊದಲ ಸೂಜಿ ಹಾಕಿದ್ದು ಮಂಗಳವಾರ ಮಧ್ಯಾಹ್ನ.

ಬರೇರೊ ನಡುವಿನ ಗಂಟೆಗಳನ್ನು ಬೆರಳಲ್ಲಿ ಎಣಿಸಿದ. "ಡಾಕ್ಟ್ರೇ, ನಿಮ್ಮ ಮನೆಯವರಿಗೆ ಈ ಔಷಧಗಳ ವಿಷಯ ಎಷ್ಟು ಗೊತ್ತು?"

"ಇಪ್ಪತ್ತಾರು ವರ್ಷ ನನ್ನ ಜೊತೆ ಊಟ ಮಾಡಿದಾನೆ. ನಾನು ಊಟದ ಹೊತ್ತಲ್ಲಿ ಇದೇ ಮಾತಾಡೋದು."

ಯಾವ ಬ್ಯಾಕ್ಟೀರಿಯಾ ಯಾವುದಕ್ಕೆ ಸಾಯುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ. ಅವನು ಗಮನವಿಟ್ಟು ಕೇಳುತ್ತಿದ್ದ. ಅಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ಅಕ್ಕ ಹೇಳುತ್ತಿದ್ದಳು.

"ಇವಳೂ ಸುಳ್ಳು ಹೇಳ್ತಿರಬಹುದು" ಎಂದ ಬರೇರೊ, ಸೆಲ್ವಾಳನ್ನು ತೋರಿಸಿ. "ಚಿತ್ರ ತೆಗೆದು ಇಟ್ಕೊಂಡು, ಆಮೇಲೆ ಇವಳೇ ಬದಲಾಯಿಸಿರಬಹುದು. ಚೀಲ ಬದಲಾದದ್ದನ್ನ ನೋಡಿದೋರು ಯಾರೂ ಇಲ್ಲ. ಇಷ್ಟೇ ಆದ್ರೆ ಕೋರ್ಟಲ್ಲಿ ನಿಲ್ಲಲ್ಲ."

ಸೆಲ್ವಾ ತಲೆ ಎತ್ತಲಿಲ್ಲ.

ನನ್ನ ಕೋಟಿನ ಜೇಬಿನಲ್ಲಿ ಫೋನು ಅದುರಿತು. ತೆಗೆದೆ. ಪರದೆಯ ಮೇಲೆ ಅವನ ಹೆಸರು, ಹೆಸರಿನ ಹಿಂದೆ ನದಿ ದಡದಲ್ಲಿ ನಾವಿಬ್ಬರೂ ನಗುತ್ತಿರುವ ಚಿತ್ರ.

ಬರೇರೊ ತುಟಿಯ ಮೇಲೆ ಬೆರಳಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹಾಕು ಎಂದು ಸನ್ನೆ ಮಾಡಿದ.

"ನಿದಿಯಾ? ಎಲ್ಲಿದ್ದೀಯ? ಲ್ಯಾಬಿಗೆ ಬೀಗ ಹಾಕಿದೆಯಲ್ಲ."

"ವಾರ್ಡಲ್ಲಿ. ಡಾನ್ ಪೊಲಿಕಾರ್ಪೊನ ನೋಡೋಕೆ ಬಂದೆ."

"ಹೇಗಿದಾನೆ ಮುದುಕ?"

"ಸೂಪು ಕುಡೀತಿದಾನೆ."

ಅತ್ತ ಕಡೆ ಗಾಡಿಯ ಎಂಜಿನ್ ನಿಂತದ್ದು ಕೇಳಿಸಿತು. "ಓ, ಒಳ್ಳೇದಾಯ್ತು. ನಾನೂ ಅದಕ್ಕೇ ಫೋನ್ ಮಾಡಿದೆ. ಅವನ ಔಷಧ ನಾಳೆಗೆ ಮುಗಿಯುತ್ತಂತೆ. ನಿನ್ನೆ ಸೆಲ್ವಾ ಮನೆ ಹತ್ತಿರ ಹೋಗಿದ್ದೆ, ಮಿಕ್ಕಿದ್ದ ಸೀಸೆಗಳನ್ನೆಲ್ಲ ಅವಳ ತಾಯಿ ಕೊಟ್ಟು ಕಳಿಸಿದ್ರು. ಪಾಪ ಅವಳು ಅಪ್ಪನ ಬಿಟ್ಟು ಎಲ್ಲಿ ಹೋಗ್ತಾಳೆ, ನಾನೇ ಮೇಲೆ ತಂದುಕೊಡ್ತೀನಿ ಅಂದೆ."

ಸೆಲ್ವಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಮನೆಯಲ್ಲಿ ಮಿಕ್ಕಿದ್ದ ಸೀಸೆಗಳೆಲ್ಲ 8816; ಚೀಲದಲ್ಲಿ ಬೇರೆ ನಂಬರು ಬಂದರೆ ಅದೇ ಸಾಕ್ಷಿ.

ಬರೇರೊ ನನ್ನನ್ನೇ ನೋಡುತ್ತಿದ್ದ. ಅವನು ಏನೂ ಸನ್ನೆ ಮಾಡಲಿಲ್ಲ. ಹೇಳಬೇಕಾದದ್ದನ್ನು ನನಗೇ ಬಿಟ್ಟಿದ್ದ.

"ನಿದಿಯಾ? ಕೇಳಿಸ್ತಾ? ತರಲಾ?"

"ತಗೊಂಡು ಬಾ" ಎಂದೆ.

ನನ್ನ ದನಿ ನಡುಗಲಿಲ್ಲ. ಹನ್ನೊಂದು ದಿನದಲ್ಲಿ ಮೊದಲ ಸಲ, ನಡುಗಿದ್ದರೆ ಚೆನ್ನಾಗಿತ್ತು ಎನಿಸಿತು.

ಕೆಳಗಿನ ಅಂಗಳದಲ್ಲಿ ಗಾಡಿಯ ಬಾಗಿಲು ಬಡಿದುಕೊಂಡಿತು. ಬಗ್ಗಿ ನೋಡಿದೆ. ಅನಿಬಾಲ್ ಬಿಳಿಯ ಚೀಲವೊಂದನ್ನು ಮಗುವಿನಂತೆ ಎದೆಗೊತ್ತಿಕೊಂಡು ಮೆಟ್ಟಿಲ ಕಡೆ ನಡೆದು ಬರುತ್ತಿದ್ದ. ತಲೆ ಎತ್ತಿ ನನ್ನನ್ನು ಕಂಡ. ಕೈ ಬೀಸಿದ.

ಆಮೇಲೆ ನನ್ನ ಪಕ್ಕದಲ್ಲಿ ನಿಂತಿದ್ದ ಪೊಲೀಸಿನವನನ್ನು ಕಂಡ. ಬೀಸುತ್ತಿದ್ದ ಕೈ ಅಲ್ಲೇ ನಿಂತಿತು.